ಕಾರ್ತಿಕದ ಬೆಳಕು, ಕನಕಪುರ ರಸ್ತೆಯ ಬಣ್ಣ

ಕಾರ್ತಿಕ ಮಾಸದ ಕೊನೆಯ ದಿನಗಳು. ಬೆಳಗಿನ ಆರೂವರೆಗೆ ಕನಕಪುರ ರಸ್ತೆಯ ಗದ್ದಲ ಇನ್ನೂ ಏರಿರುವುದಿಲ್ಲ. ತುರಹಳ್ಳಿ ಕಾಡಿನ ಕಾಲುದಾರಿಯ ಎರಡೂ ಬದಿಗೆ ಸೊಂಟದೆತ್ತರ ಬೆಳೆದ ಹುಲ್ಲು ಇಬ್ಬನಿಯ ಭಾರಕ್ಕೆ ಬಾಗಿ, ನಡೆಯುವವರ ಬಟ್ಟೆಯನ್ನು ಮೊಣಕಾಲಿನವರೆಗೆ ತೋಯಿಸುತ್ತದೆ. ಪೊದೆಪೊದೆಗೂ ಜೇಡರ ಬಲೆ, ಬಲೆಯ ಎಳೆಎಳೆಗೂ ಹನಿ. ಹತ್ತು ಮಾರು ಆಚೆಗಿನ ನೀಲಗಿರಿ ಮರಗಳು ಮಂಜಿನಲ್ಲಿ ಬರೀ ಗೆರೆಗಳಾಗಿವೆ. ಎಲ್ಲೋ ಒಂದು ನವಿಲು ಕೂಗುತ್ತದೆ.

ಆಮೇಲೆ ಬಿಸಿಲು ಬರುತ್ತದೆ. ನೆತ್ತಿಯಿಂದ ಸುರಿಯುವ ಬಿಸಿಲಲ್ಲ, ಪಕ್ಕದಿಂದ ತೂರಿಬರುವ ಬಿಸಿಲು. ಬೂದಿ ಬಣ್ಣದ ಬಂಡೆಯ ಒಂದು ಮಗ್ಗುಲು ಒಮ್ಮೆಲೇ ಜೇನಿನ ಬಣ್ಣಕ್ಕೆ ತಿರುಗಿದರೆ ಇನ್ನೊಂದು ಮಗ್ಗುಲು ನೀಲಿಯಾಗಿ ಉಳಿಯುತ್ತದೆ. ಹುಲ್ಲಿನ ತುದಿಗಳು ಹೊತ್ತಿಕೊಂಡಂತೆ ಕಾಣುತ್ತವೆ. ಇಷ್ಟೆಲ್ಲ ನಡೆಯುವುದು ಇಪ್ಪತ್ತು ನಿಮಿಷದಲ್ಲಿ. ತೊಡೆಯ ಮೇಲೆ ಹಲಗೆ, ಪಕ್ಕದಲ್ಲಿ ನೀರಿನ ಡಬ್ಬಿ ಇಟ್ಟುಕೊಂಡು ಬಂಡೆಯ ಮೇಲೆ ಕೂತು ಚಿತ್ರ ಬರೆಯುವವರು ನಸುಕಿನಲ್ಲೇ ಮನೆ ಬಿಡುವುದು ಈ ಇಪ್ಪತ್ತು ನಿಮಿಷಕ್ಕಾಗಿ.

ಜಯನಗರ, ಜೆ.ಪಿ. ನಗರ, ಬನಶಂಕರಿಗಳಲ್ಲಿ ಮನೆ ಮಾಡಿರುವ ಬಹಳ ಮಂದಿಗೆ ತುರಹಳ್ಳಿಯ ಹೆಸರು ಗೊತ್ತು. ತಮ್ಮ ಮನೆಯಿಂದ ಅರ್ಧ ಗಂಟೆಯ ದೂರದಲ್ಲಿ ಇರುವುದು ಎರಡು ಶತಮಾನಗಳಿಂದ ಚಿತ್ರಕಾರರನ್ನು ಕರೆಯುತ್ತಲೇ ಬಂದ ನೆಲದ ಒಂದು ತುಣುಕು ಎಂಬುದು ಅಷ್ಟಾಗಿ ಗೊತ್ತಿಲ್ಲ.

ಎಲೆ ಉದುರದ ಶರದೃತು

ಶರತ್ಕಾಲ ಎಂದೊಡನೆ ಕ್ಯಾಲೆಂಡರುಗಳಿಂದ, ಮೊಬೈಲ್ ಪರದೆಗಳಿಂದ ಕಣ್ಣಿಗೆ ಬರುವುದು ಕೆಂಪು, ಕಿತ್ತಳೆ ಎಲೆಗಳ ಮೇಪಲ್ ಮರಗಳು. ಚಳಿದೇಶದ ಮರಗಳು ಹಿಮಗಾಲಕ್ಕೆ ಮುಂಚೆ ಎಲೆಯ ಹಸಿರು ದ್ರವ್ಯವನ್ನು ಒಡೆದು ಒಳಗೆಳೆದುಕೊಳ್ಳುತ್ತವೆ. ಅಡಿಯಲ್ಲಿ ಅಡಗಿದ್ದ ಹಳದಿ ಆಗ ಹೊರಗೆ ಬರುತ್ತದೆ, ಕೆಲವು ಮರಗಳಲ್ಲಿ ಹೊಸದಾಗಿ ಕೆಂಪೂ ಹುಟ್ಟುತ್ತದೆ. ಬೆಂಗಳೂರಿನ ಮರಗಳಿಗೆ ಹಿಮದ ಭಯವಿಲ್ಲ. ಇಲ್ಲಿ ಎಲೆ ಉದುರುವುದು ಚಳಿಗಿಂತ ಹೆಚ್ಚಾಗಿ ನೀರಿನ ಕೊರತೆಗೆ. ಹಾಗಾಗಿ ಮರಗಳು ಬೋಳಾಗುವುದು ಶಿಶಿರದಲ್ಲಿ, ಅಂದರೆ ಜನವರಿಯಿಂದ ಮಾರ್ಚ್‌ವರೆಗಿನ ಒಣ ದಿನಗಳಲ್ಲಿ.

ಪಂಚಾಂಗದ ಲೆಕ್ಕದಲ್ಲಿ ಆಶ್ವಯುಜ, ಕಾರ್ತಿಕ ಸೇರಿದರೆ ಶರದೃತು. ಮಾರ್ಗಶಿರ, ಪುಷ್ಯ ಸೇರಿದರೆ ಹೇಮಂತ. ಇವೆರಡರ ನಡುವಿನ ಹೊಸಿಲೇ ನವೆಂಬರ್ ಕೊನೆ. ಹಿಂಗಾರು ಮಳೆ ಹಿಂದೆ ಸರಿಯುತ್ತಿರುತ್ತದೆ, ಕೆರೆಗಳಲ್ಲಿ ನೀರಿರುತ್ತದೆ, ಮರಗಳ ಮೇಲೆ ಹಸಿರು ದಟ್ಟವಾಗಿಯೇ ಇರುತ್ತದೆ. ಬದಲಾಗುವುದು ನೆಲ. ಆಷಾಢದಿಂದ ಹಸಿರಾಗಿದ್ದ ಹುಲ್ಲು ತೆನೆ ಬಿಟ್ಟು ಬೆಲ್ಲದ ಬಣ್ಣಕ್ಕೆ ಬರುತ್ತದೆ, ಹೊಲದಲ್ಲಿ ರಾಗಿ ಮಾಗುತ್ತದೆ. ಹಳ್ಳಿಯ ಬಾಯಲ್ಲಿ ಈ ಕಾಲಕ್ಕೆ ಮಾಗಿ ಎಂಬ ಹೆಸರು ನಿಂತಿದೆ. ಉತ್ತರದ ದೇಶಗಳಲ್ಲಿ ಋತು ತಲೆಯೆತ್ತಿ ನೋಡುವಂಥದ್ದಾದರೆ ಇಲ್ಲಿ ತಲೆ ತಗ್ಗಿಸಿ ಕಾಲಬುಡದಲ್ಲಿ ನೋಡುವಂಥದ್ದು. ‘ನಮ್ಮಲ್ಲಿ ಶರತ್ಕಾಲವೇ ಇಲ್ಲ’ ಎನ್ನುವವರು ಮರದ ತುದಿಯನ್ನಷ್ಟೇ ನೋಡಿರುತ್ತಾರೆ.

ಓರೆ ಬಿಸಿಲಿನ ಲೆಕ್ಕ

ಭೂದೃಶ್ಯ ಬರೆಯುವವರು ಬೇಸಿಗೆಯ ನಡುಹಗಲಿಗೆ ಹೆದರುತ್ತಾರೆ. ಏಪ್ರಿಲ್ ಕೊನೆ ವಾರದಲ್ಲೂ ಆಗಸ್ಟ್ ನಡುವಿನಲ್ಲೂ ಬೆಂಗಳೂರಿಗೆ ಒಂದೊಂದು ದಿನ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ಶಾಲಾ ಮಕ್ಕಳು ಕಂಬ ನೆಟ್ಟು ‘ಶೂನ್ಯ ನೆರಳಿನ ದಿನ’ ಎಂದು ನೋಡುವುದು ಅದನ್ನೇ. ನೆರಳಿಲ್ಲದ ಕಡೆ ಉಬ್ಬು ತಗ್ಗು ಕಾಣುವುದಿಲ್ಲ. ಬಂಡೆ ಚಪ್ಪಟೆ, ಮರ ಚಪ್ಪಟೆ, ಗುಡ್ಡವೂ ಚಪ್ಪಟೆ.

ನವೆಂಬರ್ ಕೊನೆಗೆ ಲೆಕ್ಕ ತಿರುಗುತ್ತದೆ. ನಡುಮಧ್ಯಾಹ್ನದಲ್ಲೂ ಸೂರ್ಯ ನೆತ್ತಿಯಿಂದ ಸುಮಾರು 34 ಡಿಗ್ರಿ ದಕ್ಷಿಣಕ್ಕೆ ವಾಲಿರುತ್ತಾನೆ. ಹತ್ತಡಿಯ ಕಂಬಕ್ಕೆ ಆಗಲೂ ಆರೂವರೆ ಅಡಿಗೆ ಮಿಕ್ಕಿದ ನೆರಳು. ಅಂದರೆ ದಿನವಿಡೀ ವಸ್ತುಗಳಿಗೆ ಒಂದು ಬೆಳಕಿನ ಮೈ, ಒಂದು ನೆರಳಿನ ಮೈ. ಚಿತ್ರಕ್ಕೆ ಬೇಕಾದ ಗಾತ್ರ, ತೂಕ, ದುಂಡುತನ ಎಲ್ಲ ಹುಟ್ಟುವುದು ಈ ಎರಡು ಮೈಗಳ ನಡುವಿನ ವ್ಯತ್ಯಾಸದಿಂದ.

ಇನ್ನೊಂದು ಸಂಗತಿ ಹಲವರಿಗೆ ಅಚ್ಚರಿ ತರುತ್ತದೆ. ವರ್ಷದ ಅತಿ ಚಿಕ್ಕ ಹಗಲು ಡಿಸೆಂಬರ್ 21ರ ಸುಮಾರಿಗಾದರೂ ಬೆಂಗಳೂರಿನಲ್ಲಿ ಸೂರ್ಯ ಅತಿ ಬೇಗ ಮುಳುಗುವುದು ಅದಕ್ಕೂ ಒಂದು ತಿಂಗಳು ಮುಂಚೆ, ನವೆಂಬರ್ ಕೊನೆಯ ವಾರಗಳಲ್ಲಿ. ಸಂಜೆ 5.50ಕ್ಕೆಲ್ಲ ಹೊತ್ತು ಕಂತುತ್ತದೆ. ಕಾರ್ತಿಕದಲ್ಲಿ ಸಂಜೆಯಾಗುತ್ತಲೇ ಹೊಸಿಲಿಗೆ, ತುಳಸಿಕಟ್ಟೆಗೆ ದೀಪ ಇಡುವ ನೆಲದಲ್ಲಿ ಈ ಬೇಗ ಬರುವ ಕತ್ತಲನ್ನು ಜನ ಮೊದಲಿನಿಂದಲೂ ಗಮನಿಸಿಯೇ ಇದ್ದರು.

ನೆರಳು ಯಾಕೆ ನೀಲಿ? ಬಿಸಿಲು ತಾಗದ ಜಾಗಕ್ಕೂ ಆಕಾಶದಿಂದ ಬೆಳಕು ಬೀಳುತ್ತಿರುತ್ತದೆ. ಮಳೆ ಧೂಳನ್ನೆಲ್ಲ ತೊಳೆದು ಹೋದ ಆಕಾಶ ಕಡುನೀಲಿ, ಆ ಬೆಳಕೂ ನೀಲಿ. ಕೆಮ್ಮಣ್ಣಿನ ದಾರಿಯ ಮೇಲೆ ಬಿದ್ದಾಗ ಅದು ನೇರಳೆಯತ್ತ ವಾಲುತ್ತದೆ. ಹೊಸದಾಗಿ ಕುಂಚ ಹಿಡಿದವರು ನೆರಳಿಗೆ ಕಪ್ಪು ಬಳಿಯುತ್ತಾರೆ, ಕಣ್ಣು ಪಳಗಿದವರು ಕಪ್ಪಿನ ಟ್ಯೂಬನ್ನು ಮನೆಯಲ್ಲೇ ಬಿಟ್ಟು ಬರುತ್ತಾರೆ. ದೂರದ ಬನ್ನೇರುಘಟ್ಟದ ಗುಡ್ಡಗಳು ನೀಲಿಯಾಗಿ ಕಾಣುವುದಕ್ಕೂ ಕಾರಣ ಹೆಚ್ಚುಕಡಿಮೆ ಇದೇ. ನಡುವಿನ ಗಾಳಿ ನೀಲಿ ಬೆಳಕನ್ನು ಹೆಚ್ಚಾಗಿ ಚದುರಿಸಿ ಕಣ್ಣಿಗೆ ಕಳಿಸುತ್ತದೆ. ಗುಡ್ಡ ದೂರವಾದಷ್ಟೂ ನಡುವಿನ ಗಾಳಿ ಹೆಚ್ಚು, ನೀಲಿಯೂ ಹೆಚ್ಚು. ಕಾಗದದ ಮೇಲೆ ದೂರವನ್ನು ತೋರಿಸಲು ಚಿತ್ರಕಾರರಿಗೆ ಸಿಕ್ಕಿದ ಬಹಳ ಹಳೆಯ ಉಪಾಯವಿದು.

ಮಂಜು, ಮತ್ತು ಒದ್ದೆ ಕಾಗದ

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಮೋಡವಿಲ್ಲದ ರಾತ್ರಿ ನೆಲ ತನ್ನ ಕಾವನ್ನು ಆಕಾಶಕ್ಕೆ ಬಿಟ್ಟುಕೊಟ್ಟು ಬೇಗ ತಣಿಯುತ್ತದೆ. ಹಿಂಗಾರು ಮಳೆಯಿಂದ ಒದ್ದೆಯಾದ ಮಣ್ಣು, ತುಂಬಿದ ಕೆರೆಗಳು ಗಾಳಿಗೆ ತೇವ ಕೊಟ್ಟಿರುತ್ತವೆ. ನಸುಕಿಗೆ ನೆಲದ ಹತ್ತಿರದ ಗಾಳಿ ತಣ್ಣಗಾದಾಗ ಆ ತೇವ ಕಣ್ಣಿಗೆ ಕಾಣದಷ್ಟು ಸಣ್ಣ ಹನಿಗಳಾಗಿ ತೇಲುತ್ತದೆ. ಅದೇ ಮಂಜು. ತಗ್ಗು, ಕೆರೆಯಂಗಳ, ಕಾಡಿನ ತೆರವು ಇವೇ ಅದರ ಮೆಚ್ಚಿನ ಜಾಗ. ಡಾಂಬರು, ಕಾಂಕ್ರೀಟು ಹಗಲಿನ ಕಾವನ್ನು ರಾತ್ರಿಯೂ ಹಿಡಿದಿಟ್ಟುಕೊಳ್ಳುವುದರಿಂದ ಜಯನಗರದ ನಾಲ್ಕನೇ ಬ್ಲಾಕಿನಲ್ಲಿ ತೆಳುವಾಗಿರುವ ಮಂಜು ತಲಘಟ್ಟಪುರ ದಾಟುವಷ್ಟರಲ್ಲಿ ದಪ್ಪವಾಗುತ್ತದೆ.

ಮಂಜನ್ನು ಬರೆಯುವುದು ಎಷ್ಟು ಕಷ್ಟ ಎಂದು ತಿಳಿಯಲು ಕೆ. ವೆಂಕಟಪ್ಪನವರ ಜಲವರ್ಣಗಳನ್ನು ನೋಡಬೇಕು. ಮೈಸೂರಿನಲ್ಲಿ 1886ರಲ್ಲಿ ಹುಟ್ಟಿ, ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಬಳಿ ಕಲಿತ ವೆಂಕಟಪ್ಪ ವೀಣೆಯನ್ನೂ ಅಷ್ಟೇ ನಿಷ್ಠೆಯಿಂದ ಅಭ್ಯಾಸ ಮಾಡಿದವರು. ಊಟಿ, ಕೊಡೈಕೆನಾಲ್‌ಗಳಲ್ಲಿ ದಿನಗಟ್ಟಲೆ ಕೂತು ಅವರು ಬರೆದ ಬೆಟ್ಟ, ಕೆರೆ, ಮೋಡಗಳ ಚಿತ್ರಗಳಲ್ಲಿ ಮಂಜಿಗೆ ಬಣ್ಣವೇ ಇಲ್ಲ. ಅದು ಕಾಗದದಿಂದಲೇ ಉಸಿರಿನಂತೆ ಎದ್ದು ಬರುತ್ತದೆ.

ಅವರು ಕಲಿತ ಬಂಗಾಳಿ ಪದ್ಧತಿಯ ಗುಟ್ಟು ಹೀಗಿದೆ. ತೆಳು ಬಣ್ಣ ಬಳಿದು, ಒಣಗಿಸಿ, ಕಾಗದವನ್ನೇ ನೀರಿನಲ್ಲಿ ನೆನೆಸಿ, ಮತ್ತೆ ಬಳಿಯುವುದು. ಹೀಗೆ ಪದರದ ಮೇಲೆ ಪದರ. ಅಂಚುಗಳೆಲ್ಲ ಕರಗಿ ಒಂದರೊಳಗೊಂದು ಸೇರುತ್ತವೆ. ಕಾರ್ತಿಕದ ಬೆಳಗು ಜಲವರ್ಣಕ್ಕೆ ಒಗ್ಗುವುದೂ ಇದಕ್ಕೇ. ತಂಪು, ತೇವದ ಗಾಳಿಯಲ್ಲಿ ಬಳಿದ ಬಣ್ಣ ನಿಧಾನಕ್ಕೆ ಆರುತ್ತದೆ, ಮೆದು ಅಂಚು ತರಲು ಕೈಗೆ ಸಮಯ ಸಿಗುತ್ತದೆ. ಮಾರ್ಚ್ ತಿಂಗಳಲ್ಲಿ ಅದೇ ಬಣ್ಣ ಕುಂಚ ಎತ್ತುವುದರೊಳಗೆ ಒಣಗಿ ಗೆರೆ ಕಟ್ಟುತ್ತದೆ. ಕಸ್ತೂರಬಾ ರಸ್ತೆಯಲ್ಲಿ ವೆಂಕಟಪ್ಪನವರ ಹೆಸರಿನ ಕಲಾ ಗ್ಯಾಲರಿ ಇದೆ. ನಡಿಗೆಗೆ ಹೊರಡುವ ಮುನ್ನ ಅವರ ಚಿತ್ರಗಳ ಮುಂದೆ ಒಂದರ್ಧ ಗಂಟೆ ನಿಂತುಬಂದರೆ ತುರಹಳ್ಳಿಯ ಮಂಜು ಬೇರೆಯದೇ ಆಗಿ ಕಾಣುತ್ತದೆ.

ಅಕ್ಕಡಿ ಸಾಲಿನ ಬಣ್ಣಗಳು

ಊರು ಮುಗಿದ ಮೇಲೆ, ಕಗ್ಗಲೀಪುರದಿಂದಾಚೆ, ಈಗಲೂ ಅಲ್ಲಲ್ಲಿ ರಾಗಿ ಹೊಲ ಸಿಗುತ್ತದೆ. ಬೆಂಗಳೂರು ಸೀಮೆಯ ರೈತರು ರಾಗಿಯನ್ನು ಒಂಟಿಯಾಗಿ ಬಿತ್ತಿದವರಲ್ಲ. ನಡುನಡುವೆ ಅಕ್ಕಡಿ ಸಾಲು ಹಾಕಿ ಅವರೆ, ತೊಗರಿ, ಹುಚ್ಚೆಳ್ಳು, ಸಾಸಿವೆ, ಜೋಳ ಬೆಳೆದರು. ಒಂದು ಕೈಕೊಟ್ಟರೆ ಇನ್ನೊಂದು ಕೈಹಿಡಿಯಲಿ ಎಂಬ ಬೇಸಾಯದ ವಿವೇಕ ಅದು. ಅದೇ ವಿವೇಕ ಚಿತ್ರಕಾರನಿಗೆ ಸಿದ್ಧ ಬಣ್ಣದ ತಟ್ಟೆಯನ್ನೂ ಕೊಟ್ಟಿತು. ಮಾಗಿದ ರಾಗಿಯ ಕಂದುಗೆಂಪಿನ ನಡುವೆ ಹುಚ್ಚೆಳ್ಳಿನ ಅಚ್ಚ ಹಳದಿ ಹೂವಿನ ಪಟ್ಟಿ, ಅದರಾಚೆ ಅವರೆಯ ಕಡುಹಸಿರು, ಬದುವಿನ ಮೇಲೆ ಕೆಮ್ಮಣ್ಣು.

ಈ ಕೆಮ್ಮಣ್ಣಿನ ಬಗ್ಗೆ ಒಂದು ಮಾತು. ಅದರ ಕೆಂಪು ಕಬ್ಬಿಣದ ಆಕ್ಸೈಡಿನದು, ಸರಳವಾಗಿ ಹೇಳಿದರೆ ತುಕ್ಕಿನದು. ಚಿತ್ರಕಾರರು ಕೊಳ್ಳುವ ಬರ್ನ್ಟ್ ಸಿಯೆನ್ನಾ, ಯೆಲ್ಲೋ ಓಕರ್ ಎಂಬ ಮಣ್ಣಿನ ಬಣ್ಣಗಳ ಜೀವಾಳವೂ ಕಬ್ಬಿಣವೇ. ಅಂಗಳಕ್ಕೆ, ಗೋಡೆಯ ಬುಡಕ್ಕೆ ಕೆಮ್ಮಣ್ಣು ಬಳಿದ ಹೆಣ್ಣುಮಕ್ಕಳ ಕೈಗೂ ಇಟಲಿಯ ವರ್ಣಚಿತ್ರಕಾರರ ಕೈಗೂ ಹತ್ತಿದ್ದು ಒಂದೇ ಧಾತುವಿನ ಬಣ್ಣ.

ಡಿಸೆಂಬರ್ ಹೊತ್ತಿಗೆ ಕೊಯ್ಲು. ಒಕ್ಕಣೆ ಮುಗಿದ ಮೇಲೆ ರಾಗಿ ಹುಲ್ಲು ಬಣವೆಯಾಗಿ ನಿಲ್ಲುತ್ತದೆ. ಫ್ರಾನ್ಸಿನ ಜಿವರ್ನಿ ಎಂಬ ಹಳ್ಳಿಯಲ್ಲಿ ಚಿತ್ರಕಾರ ಕ್ಲೋದ್ ಮೊನೆ 1890ರ ಬೇಸಿಗೆಯ ಕೊನೆಯಿಂದ 1891ರವರೆಗೆ ತನ್ನ ಮನೆ ಪಕ್ಕದ ಹೊಲದ ಗೋಧಿ ಬಣವೆಗಳನ್ನೇ ಸುಮಾರು 25 ಕ್ಯಾನ್ವಾಸುಗಳಲ್ಲಿ ಬರೆದ. ಬೆಳಗಿನ ಮಂಜು, ಮಧ್ಯಾಹ್ನದ ಬಿಸಿಲು, ಹಿಮ, ಮುಳುಗುವ ಹೊತ್ತು, ಹೀಗೆ ಬೆಳಕು ಬದಲಾದಂತೆಲ್ಲ ಕ್ಯಾನ್ವಾಸ್ ಬದಲಿಸುತ್ತಿದ್ದ. ಅವನು ಬರೆದದ್ದು ಬಣವೆಯನ್ನಲ್ಲ, ಅದರ ಮೇಲೆ ಬಿದ್ದ ಹೊತ್ತನ್ನು.

ಅಷ್ಟು ಸರಂಜಾಮು ಹೊತ್ತು ಹೊಲಕ್ಕೆ ಹೋಗುವುದು ಸಾಧ್ಯವಾಗಿದ್ದು ಒಂದು ಸಣ್ಣ ಆವಿಷ್ಕಾರದಿಂದ. ಅಮೆರಿಕದ ಚಿತ್ರಕಾರ ಜಾನ್ ಗಾಫ್ ರ‍್ಯಾಂಡ್ 1841ರಲ್ಲಿ ತವರದ ಬಣ್ಣದ ಟ್ಯೂಬಿಗೆ ಪೇಟೆಂಟ್ ಪಡೆದ. ಅದಕ್ಕೂ ಮುಂಚೆ ಎಣ್ಣೆಬಣ್ಣವನ್ನು ಅರೆದು ಹಂದಿಯ ಮೂತ್ರಕೋಶದ ಚೀಲದಲ್ಲಿ ಕಟ್ಟಿಡುತ್ತಿದ್ದರು. ಚೀಲ ಒಡೆಯುತ್ತಿತ್ತು, ಬಣ್ಣ ಗಟ್ಟಿಯಾಗುತ್ತಿತ್ತು. ಟ್ಯೂಬು ಬಂದ ಮೇಲೆ ಚಿತ್ರಕಾರರು ಕೋಣೆಯಿಂದ ಹೊರಗೆ ಬಂದು ನಡೆಯತೊಡಗಿದರು.

ಮುನ್ನೂರು ಕೋಟಿ ವರ್ಷದ ಬಂಡೆ

ದಕ್ಷಿಣ ಬೆಂಗಳೂರಿನ ದೃಶ್ಯಕ್ಕೆ ಬೆನ್ನೆಲುಬು ಬಂಡೆ. ಲಾಲ್‌ಬಾಗಿನ ಗುಡ್ಡ, ಬಸವನಗುಡಿಯ ಕಹಳೆ ಬಂಡೆ, ತುರಹಳ್ಳಿಯ ಗುಂಡುಗಳು ಎಲ್ಲ ಒಂದೇ ನೆಲಗಟ್ಟಿಗೆ ಸೇರಿದವು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಗುರುತಿಸಿರುವ ಲಾಲ್‌ಬಾಗ್ ಬಂಡೆಯ ವಯಸ್ಸು ಸುಮಾರು 300 ಕೋಟಿ ವರ್ಷ. ಹತ್ತಿರ ಹೋಗಿ ನೋಡಿದರೆ ಬಿಳಿ, ಬೂದು, ಕಪ್ಪಿನ ಪಟ್ಟೆಗಳು ನುಲಿದುಕೊಂಡು ಹರಿದಿರುವುದು ಕಾಣುತ್ತದೆ. ಭೂಮಿಯ ಆಳದ ಶಾಖ, ಒತ್ತಡಗಳಲ್ಲಿ ಕಲ್ಲು ಮೆತ್ತಗಾಗಿ ಮಡಿಚಿಕೊಂಡ ಗುರುತು ಅದು. ಇದರ ಹೆಸರು ನೈಸ್ ಶಿಲೆ.

ಗುಂಡುಗಳು ಒಂದರ ಮೇಲೊಂದು ಯಾರೋ ಪೇರಿಸಿಟ್ಟಂತೆ ಕಾಣುವುದಕ್ಕೂ ಕಾರಣವಿದೆ. ಬಂಡೆಯಲ್ಲಿ ಅಡ್ಡ, ಉದ್ದ ಬಿರುಕುಗಳು ಇರುತ್ತವೆ. ಮಣ್ಣಿನಡಿಯಲ್ಲಿದ್ದಾಗಲೇ ಬಿರುಕಿಗೆ ನೀರು ಇಳಿದು ಕಲ್ಲನ್ನು ಕೊಳೆಸುತ್ತದೆ. ಮೂಲೆಗೆ ಎರಡು ಮೂರು ಕಡೆಯಿಂದ ನೀರು ತಾಗುವುದರಿಂದ ಮೂಲೆ ಮೊದಲು ಸವೆದು, ಚೌಕವಾಗಿದ್ದ ಕಲ್ಲು ದುಂಡಾಗುತ್ತದೆ. ಮೇಲಿನ ಮಣ್ಣು ಮಳೆಗೆ ಕೊಚ್ಚಿಹೋದ ಮೇಲೆ ಗುಂಡು ಗುಂಡಾಗಿಯೇ ಉಳಿಯುತ್ತದೆ. ಚಿತ್ರ ಬರೆಯುವವರಿಗೆ ಇದಕ್ಕಿಂತ ಒಳ್ಳೆಯ ಗುರು ಇಲ್ಲ. ಅಲುಗಾಡದೆ ಕೂರುತ್ತದೆ, ದುಂಡಾಗಿದೆ, ಓರೆ ಬಿಸಿಲಿಗೆ ಬೆಳಕಿನಿಂದ ನೆರಳಿನವರೆಗಿನ ಪ್ರತಿ ಮೆಟ್ಟಿಲನ್ನೂ ತೋರಿಸುತ್ತದೆ.

ಈ ಬಂಡೆಗೂ ಕಾರ್ತಿಕಕ್ಕೂ ಇನ್ನೊಂದು ನಂಟಿದೆ. ಕಹಳೆ ಬಂಡೆಯ ಪಕ್ಕದಲ್ಲೇ ಇರುವ ದೊಡ್ಡ ಬಸವನ ಸನ್ನಿಧಿಯಲ್ಲಿ ಕಾರ್ತಿಕದ ಕೊನೆಯ ಸೋಮವಾರ ಕಡಲೆಕಾಯಿ ಪರಿಷೆ ನಡೆಯುತ್ತದೆ. ಸುಂಕೇನಹಳ್ಳಿ, ಗವಿಪುರ, ಮಾವಳ್ಳಿ, ಗುಟ್ಟಹಳ್ಳಿಗಳಲ್ಲಿ ಕಡಲೆಕಾಯಿ ಹೊಲಗಳಿದ್ದ ಕಾಲದ ನೆನಪು ಅದು. ರಾತ್ರಿ ಬಂದು ಫಸಲು ಮೇಯುತ್ತಿದ್ದ ಬಸವನಿಗೆ ಮೊದಲ ಫಸಲು ಒಪ್ಪಿಸುವ ಹರಕೆಯಿಂದ ಪರಿಷೆ ಶುರುವಾಯಿತೆಂದು ಐತಿಹ್ಯ ಹೇಳುತ್ತದೆ. ಹೊಲ ಹೋಯಿತು, ಪರಿಷೆ ಉಳಿಯಿತು. ಇಂದಿಗೂ ಬುಲ್ ಟೆಂಪಲ್ ರಸ್ತೆಯ ಉದ್ದಕ್ಕೂ ಹಸಿ ಕಡಲೆಕಾಯಿಯ ರಾಶಿ, ಬುಟ್ಟಿ, ಸೇರು, ಹಬೆಯಾಡುವ ಕೊಪ್ಪರಿಗೆ. ಚಿತ್ರಕಲಾ ವಿದ್ಯಾರ್ಥಿಗಳು ಸ್ಕೆಚ್ ಪುಸ್ತಕ ಹಿಡಿದು ಓಡಾಡಲು ನಗರದಲ್ಲಿ ಇದಕ್ಕಿಂತ ತುಂಬಿದ ದಿನ ಇನ್ನೊಂದು ಸಿಗಲಾರದು.

ಸೈನ್ಯದ ಹಿಂದೆ ಬಂದ ಕುಂಚ

ಈ ಸೀಮೆಯನ್ನು ನಿಸರ್ಗಚಿತ್ರವಾಗಿ ಕಾಗದಕ್ಕಿಳಿಸಿದ ಮೊದಲಿಗರಲ್ಲಿ ಕೆಲವರು ಬಂದದ್ದು ಯುದ್ಧದ ಜೊತೆಗೆ. ಟಿಪ್ಪು ಸುಲ್ತಾನನ ಮೇಲೆ ದಂಡೆತ್ತಿ ಬಂದ ಕಾರ್ನ್‌ವಾಲಿಸನ ಸೈನ್ಯದೊಂದಿಗೆ ರಾಬರ್ಟ್ ಹೋಮ್ ಎಂಬ ಚಿತ್ರಕಾರನಿದ್ದ. 1791ರ ಮಾರ್ಚಿನಲ್ಲಿ ಬೆಂಗಳೂರು ಕೋಟೆ ಬಿತ್ತು. ಅದೇ ವರ್ಷ ಡಿಸೆಂಬರ್ 21ರಂದು, ಮಾಗಿಯ ಚಳಿಯಲ್ಲಿ, ಸಾವನದುರ್ಗವೂ ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿತು. ಹೋಮ್ ಬರೆದ ದೃಶ್ಯಗಳು 1794ರಲ್ಲಿ ಲಂಡನ್ನಿನಲ್ಲಿ ಪುಸ್ತಕವಾದವು. ಸೇನಾಧಿಕಾರಿಗಳಾಗಿದ್ದ ಕೋಲ್‌ಬ್ರೂಕ್, ಜೇಮ್ಸ್ ಹಂಟರ್ ಅವರ ಚಿತ್ರಗಳೂ ಅಚ್ಚಾದವು. 1792ರಲ್ಲಿ ಥಾಮಸ್ ಮತ್ತು ವಿಲಿಯಂ ಡೇನಿಯಲ್ ಎಂಬ ಚಿಕ್ಕಪ್ಪ, ಸೋದರನ ಮಗ ಮದ್ರಾಸಿನಿಂದ ಹೊರಟು ಈ ದಾರಿಯಲ್ಲಿ ಬಂದು ಹುತ್ರಿದುರ್ಗದಂಥ ಬೆಟ್ಟಗಳನ್ನು ಬರೆದುಕೊಂಡು ಹೋದರು.

ಇವು ಗೆದ್ದವರ ಕಣ್ಣಿನ ಚಿತ್ರಗಳು. ಕೋಟೆ ಅವರಿಗೆ ಬಹುಮಾನ. ಮುಂದೆ ಒಂದು ಮರ, ನಡುವೆ ನೀರು ಅಥವಾ ಪಾಳು ಗೋಡೆ, ಹಿಂದೆ ಬೆಟ್ಟ, ಮೂಲೆಯಲ್ಲಿ ಇರುವೆಗಳಷ್ಟು ಚಿಕ್ಕದಾಗಿ ಊರಿನ ಜನ, ಹೀಗೆ ಇಂಗ್ಲೆಂಡಿನ ರುಚಿಗೆ ತಕ್ಕಂತೆ ಜೋಡಿಸಿದವು. ಆದರೂ ಅವನ್ನು ಬದಿಗೆ ಸರಿಸುವಂತಿಲ್ಲ. ಕ್ಯಾಮೆರಾ ಹುಟ್ಟುವುದಕ್ಕೆ ಅರ್ಧ ಶತಮಾನ ಮುಂಚೆ ಈ ಗುಡ್ಡಗಳ ಇಳಿಜಾರು, ಕೋಟೆಗೋಡೆಗಳ ಓಟ ಹೇಗಿತ್ತು ಎಂದು ತಿಳಿಯಲು ಇವು ಬೇಕೇ ಬೇಕು.

ಬಿಸಿಲಿಗೆ ನಿಂತ ರುಮಾಲೆ

ಇದೇ ನೆಲವನ್ನು ಮನೆಯವರ ಕಣ್ಣಿನಿಂದ ನೋಡಿದವರು ರುಮಾಲೆ ಚನ್ನಬಸವಯ್ಯ. ದೊಡ್ಡಬಳ್ಳಾಪುರದಲ್ಲಿ 1910ರಲ್ಲಿ ಹುಟ್ಟಿದ ಅವರು ಎ.ಎನ್. ಸುಬ್ಬರಾಯರು 1919ರಲ್ಲಿ ಕಟ್ಟಿದ ಕಲಾಮಂದಿರದಲ್ಲಿ ಕಲಿತರು. ಸ್ವಾತಂತ್ರ್ಯ ಹೋರಾಟ ಕರೆದಾಗ ಕುಂಚ ಕೆಳಗಿಟ್ಟು ಹೋದರು. ಪತ್ರಿಕೆ ನಡೆಸಿದರು, ಶಾಸಕರಾದರು. ಮತ್ತೆ ಪೂರ್ತಿಯಾಗಿ ಚಿತ್ರಕ್ಕೆ ಮರಳಿದ್ದು ವಯಸ್ಸು ಐವತ್ತು ದಾಟಿದ ಮೇಲೆ.

ಆಮೇಲೆ ಅವರು ಬರೆದದ್ದು ಮುಖ್ಯವಾಗಿ ಬೆಂಗಳೂರಿನ ಹೂಮರಗಳನ್ನು. ರಸ್ತೆಬದಿಯಲ್ಲಿ, ಉದ್ಯಾನದಲ್ಲಿ, ಉರಿಬಿಸಿಲಿನಲ್ಲೇ ನಿಂತು ಬರೆದರು. ಅವರ ಗುಲ್‌ಮೊಹರ್ ಬರೀ ಕೆಂಪಲ್ಲ, ಅದರಡಿಯ ನೆಲಕ್ಕೂ ಜ್ವರ ಬಂದಿರುತ್ತದೆ. ಆ ಮರಗಳು ಋತುವಿಗೊಂದರಂತೆ ಅರಳುವುದರ ಹಿಂದೆ 1908ರಲ್ಲಿ ಬೆಂಗಳೂರಿಗೆ ಬಂದ ಜರ್ಮನ್ ಸಸ್ಯತಜ್ಞ ಗುಸ್ತಾವ್ ಕ್ರುಂಬಿಗಲ್ ಅವರ ಯೋಚನೆಯಿದೆ. ಒಂದು ಬೀದಿಯ ಹೂ ಮುಗಿಯುವಷ್ಟರಲ್ಲಿ ಇನ್ನೊಂದು ಬೀದಿ ಅರಳಬೇಕು ಎಂದು ಅವರು ಮರಗಳನ್ನು ಆರಿಸಿ ನೆಡಿಸಿದರು. ಕಾರ್ತಿಕದ ಸರದಿ ಆಕಾಶಮಲ್ಲಿಗೆಯದು. ರಾತ್ರಿ ಅರಳಿ ಬೆಳಗ್ಗೆ ಪಾದಚಾರಿ ಮಾರ್ಗದ ಮೇಲೆ ಉದುರಿದ ಅದರ ಉದ್ದ ಕೊಳವೆಯ ಬಿಳಿ ಹೂಗಳನ್ನು ಜಯನಗರದ ಮಕ್ಕಳು ಈಗಲೂ ಜಡೆಯಂತೆ ಹೆಣೆಯುತ್ತಾರೆ. ಅದರ ಬೆನ್ನಿಗೇ ಗುಲಾಬಿ ಬಣ್ಣದ ಟಬೂಬಿಯಾ ಮೊಗ್ಗು ಬಿಡುತ್ತದೆ.

ಹೆಸರಿನಲ್ಲಿ ಉಳಿದ ಹಳ್ಳಿ

ಜಯನಗರಕ್ಕೆ ಅಡಿಗಲ್ಲು ಬಿದ್ದದ್ದು 1948ರಲ್ಲಿ. ಆಗ ಊರಿನ ಅಂಚು ಅದೇ. ಇಂದು ಆ ಅಂಚು ಮೆಟ್ರೊ ಹಸಿರು ಮಾರ್ಗದ ರೇಷ್ಮೆ ಸಂಸ್ಥೆ ನಿಲ್ದಾಣವನ್ನೂ ದಾಟಿದೆ. ನಡುವೆ ನುಂಗಿಹೋದ ಹಳ್ಳಿಗಳು ಹೆಸರಿನಲ್ಲಿ ಮಾತ್ರ ಇವೆ. ಬಿ.ಟಿ.ಎಂ. ಎಂದರೆ ಭೈರಸಂದ್ರ, ತಾವರೆಕೆರೆ, ಮಡಿವಾಳ. ಮೂರು ಅಕ್ಷರದೊಳಗೆ ಒಂದು ತಾವರೆಯ ಕೆರೆ ಅಡಗಿ ಕೂತಿದೆ. ಹೊಸಕೆರೆಹಳ್ಳಿ, ಪುಟ್ಟೇನಹಳ್ಳಿ, ದೊಡ್ಡಕಲ್ಲಸಂದ್ರ, ಪ್ರತಿ ಹೆಸರೂ ಒಂದು ಕೆರೆಯನ್ನೋ ಕಲ್ಲನ್ನೋ ಹಳ್ಳಿಯನ್ನೋ ನೆನಪಿಸುತ್ತದೆ.

ಎಲ್ಲವೂ ಹೋಗಿಲ್ಲ. ಜೆ.ಪಿ. ನಗರ ಏಳನೇ ಹಂತದ ಪುಟ್ಟೇನಹಳ್ಳಿ ಕೆರೆ ಸುಮಾರು 13 ಎಕರೆಯದು. ಅಕ್ಕಪಕ್ಕದ ನಿವಾಸಿಗಳೇ 2010ರಲ್ಲಿ ಟ್ರಸ್ಟ್ ಕಟ್ಟಿಕೊಂಡು ಅದನ್ನು ಕಾಯುತ್ತಾ ಬಂದಿದ್ದಾರೆ. ತುರಹಳ್ಳಿಯಲ್ಲಿ 2021ರ ಆರಂಭದಲ್ಲಿ ವೃಕ್ಷೋದ್ಯಾನ ಮಾಡುವ ಪ್ರಸ್ತಾವ ಬಂದಾಗ ನೂರಾರು ಜನ, ಮಕ್ಕಳು, ಸೈಕಲ್ ಸವಾರರು, ಹಕ್ಕಿ ನೋಡುವವರು ಸೇರಿ ಪ್ರತಿಭಟಿಸಿದರು. ಕಾಡು ಕಾಡಾಗಿಯೇ ಇರಲಿ, ಕಲ್ಲುಹಾಸು, ಬೆಂಚು ಬೇಡ ಎಂಬುದು ಅವರ ಬೇಡಿಕೆ. ಪ್ರಸ್ತಾವವನ್ನು ಕೈಬಿಡಲಾಯಿತು. ಅಂದು ಉಳಿದದ್ದು ಮರಗಳಷ್ಟೇ ಅಲ್ಲ, ಆ ಸೊಂಟದೆತ್ತರದ ಹುಲ್ಲು ಕೂಡ. ಹುಲ್ಲನ್ನು ಕಳೆ ಎಂದು ಸವರಿಬಿಟ್ಟರೆ ಈ ಊರಿನ ಶರದೃತು ಅಲ್ಲಿಗೆ ಮುಗಿಯಿತು. ನವೆಂಬರಿನಲ್ಲಿ ಪೂರ್ವದ ಬಯಲಿನಿಂದ ಪಶ್ಚಿಮ ಘಟ್ಟಗಳತ್ತ ಗುಂಪಾಗಿ ಮರಳುವ ನೀಲಿ ಚುಕ್ಕೆಯ, ಕಂದು ರೆಕ್ಕೆಯ ಚಿಟ್ಟೆಗಳು ದಾರಿಯಲ್ಲಿ ಇಳಿದು ದಣಿವಾರಿಸಿಕೊಳ್ಳುವುದೂ ಇಂಥ ಹುಲ್ಲು, ಪೊದೆಗಳಲ್ಲೇ.

ನೋಡಬೇಕೆನ್ನುವವರಿಗೆ ದಾರಿ ಸುಲಭ. ಜಯನಗರದಲ್ಲಿ ಹಸಿರು ಮಾರ್ಗದ ಮೆಟ್ರೊ ಹತ್ತಿ ವಾಜರಹಳ್ಳಿಯಲ್ಲಿ ಇಳಿದರೆ ಕಾಡು ಹತ್ತಿರ. ಬೆಳಗ್ಗೆ ಎಂಟರೊಳಗೆ, ಇಲ್ಲವೇ ಸಂಜೆ ನಾಲ್ಕರ ಮೇಲೆ ಹೋಗುವುದು ಒಳ್ಳೆಯದು. ಅರಣ್ಯ ಇಲಾಖೆಯ ಸಮಯ, ನಿಯಮಗಳನ್ನು ಮೊದಲೇ ವಿಚಾರಿಸಿಕೊಳ್ಳಬೇಕು, ಒಬ್ಬೊಬ್ಬರೇ ಹೋಗಬಾರದು, ಕತ್ತಲಾಗುವ ಮುಂಚೆ ಹೊರಬರಬೇಕು. ಬಂಗಾಳಕೊಲ್ಲಿಯಲ್ಲಿ ವಾಯುಭಾರ ಕುಸಿದು ಮೂರು ದಿನ ಜಡಿಮಳೆ ಹಿಡಿದರೆ ಬೇಸರಪಡಬೇಕಿಲ್ಲ, ಅದು ಬಿಟ್ಟ ಮರುದಿನದ ಆಕಾಶ ವರ್ಷದಲ್ಲೇ ಅತಿ ಸ್ವಚ್ಛವಾಗಿರುತ್ತದೆ.

ತಾತಗುಣಿಯ ದಂಪತಿ

ತುರಹಳ್ಳಿ ಬಿಟ್ಟು ಕನಕಪುರ ರಸ್ತೆಯಲ್ಲೇ ಇನ್ನಷ್ಟು ದಕ್ಷಿಣಕ್ಕೆ ಸಾಗಿದರೆ ತಾತಗುಣಿ. ಈ ದಾರಿಯ ಚಿತ್ರಕಥೆಯಲ್ಲಿ ಅತಿ ದೊಡ್ಡ ಹೆಸರು ಇಲ್ಲಿಯದು.

ಸ್ವೆತೊಸ್ಲಾವ್ ರೋರಿಕ್ ಹುಟ್ಟಿದ್ದು 1904ರಲ್ಲಿ, ರಷ್ಯಾದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ. ತಂದೆ ನಿಕೊಲಾಯ್ ರೋರಿಕ್ ಹಿಮಾಲಯವನ್ನು ಮತ್ತೆ ಮತ್ತೆ ಬರೆದವರು. ಕುಟುಂಬ 1928ರಲ್ಲಿ ಕುಲು ಕಣಿವೆಯ ನಗ್ಗರ್‌ನಲ್ಲಿ ನೆಲೆಸಿತು. ಬಾಂಬೆ ಟಾಕೀಸ್ ಕಟ್ಟಿದವರಲ್ಲಿ ಒಬ್ಬರಾದ, ‘ಅಛೂತ್ ಕನ್ಯಾ’ದ ನಾಯಕಿ ದೇವಿಕಾರಾಣಿಯನ್ನು ಸ್ವೆತೊಸ್ಲಾವ್ 1945ರಲ್ಲಿ ಮದುವೆಯಾದರು. ಕೆಲವು ವರ್ಷಗಳಲ್ಲೇ ಇಬ್ಬರೂ ದಕ್ಷಿಣಕ್ಕೆ ಬಂದು ತಾತಗುಣಿಯಲ್ಲಿ ನಾನೂರೈವತ್ತು ಎಕರೆಗೂ ಮಿಕ್ಕಿದ ತೋಟ ಮಾಡಿದರು. ಮೆಕ್ಸಿಕೊ ಮೂಲದ ಲಿನಲೂ ಮರ ಬೆಳೆಸಿ, ಸುಗಂಧದ್ರವ್ಯಕ್ಕೆ ಬೇಕಾದ ಎಣ್ಣೆ ತೆಗೆಸಿದರು.

ಹಿಮದ ಬೆಟ್ಟಗಳ ನಡುವೆ ಬದುಕಿದ್ದ ಚಿತ್ರಕಾರ ಕೆಮ್ಮಣ್ಣು, ಬಂಡೆ, ಕೆರೆಗಳ ನಾಡಿಗೆ ಬಂದು ನಾಲ್ಕು ದಶಕಕ್ಕೂ ಹೆಚ್ಚು ಕಾಲ ಇಲ್ಲೇ ಉಳಿದದ್ದು ಸಣ್ಣ ಸಂಗತಿಯಲ್ಲ. ತಂದೆಯ ಚಿತ್ರಗಳಲ್ಲಿ ಬೆಟ್ಟವೇ ಎಲ್ಲ, ಮನುಷ್ಯ ಒಂದು ಚುಕ್ಕೆ. ಮಗನ ದಕ್ಷಿಣದ ಚಿತ್ರಗಳಲ್ಲಿ ನೆಲದ ಕೆಂಪು, ಸಂಜೆಯ ಕಿತ್ತಳೆ, ದುಡಿದು ಬರುವ ಹೆಂಗಸರ ಸೀರೆಯ ಬಣ್ಣ ಒಂದರೊಳಗೊಂದು ಬೆರೆಯುತ್ತವೆ. ನಿಸರ್ಗದಿಂದ ಜನರನ್ನು ಅವರು ಬೇರೆ ಮಾಡಲಿಲ್ಲ. ಹೋಮ್, ಡೇನಿಯಲ್‌ರ ಚಿತ್ರಗಳ ಮೂಲೆಯಲ್ಲಿ ಇರುವೆಯಷ್ಟಾಗಿದ್ದ ಜನ ರೋರಿಕ್ ಚಿತ್ರಗಳಲ್ಲಿ ನಡುವಿಗೆ ಬಂದು ನಿಂತರು. ಈ ಒಂದು ಕಾರಣಕ್ಕೇ ಅವರನ್ನು ಈ ಸೀಮೆಯ ಚಿತ್ರಕಾರ ಎನ್ನಬೇಕು.

1993ರ ಜನವರಿ 30ರಂದು ಸ್ವೆತೊಸ್ಲಾವ್ ತೀರಿಕೊಂಡರು. 1994ರ ಮಾರ್ಚ್ 9ರಂದು ದೇವಿಕಾರಾಣಿಯೂ ಹೋದರು. ದಂಪತಿಗೆ ಮಕ್ಕಳಿರಲಿಲ್ಲ, ಆಸ್ತಿಯ ಮೇಲೆ ವ್ಯಾಜ್ಯಗಳೆದ್ದವು. ಕರ್ನಾಟಕ ಸರ್ಕಾರ 1996ರಲ್ಲಿ ಪ್ರತ್ಯೇಕ ಕಾಯ್ದೆ ಮಾಡಿ ತೋಟವನ್ನು ತನ್ನ ವಶಕ್ಕೆ ಪಡೆಯಿತು. ಅದು ಸಿಂಧು ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2011ರ ಆಗಸ್ಟಿನಲ್ಲಿ ತೀರ್ಪು ಕೊಟ್ಟಿತು. ಇಬ್ಬರ ಸಮಾಧಿಗಳೂ ತೋಟದೊಳಗೇ ಇವೆ. ರೋರಿಕ್ ಚಿತ್ರಗಳನ್ನು ನೋಡಬಯಸುವವರಿಗೆ ಕುಮಾರಕೃಪಾ ರಸ್ತೆಯ ಕರ್ನಾಟಕ ಚಿತ್ರಕಲಾ ಪರಿಷತ್ತಿನಲ್ಲಿ ಅವರ ಹೆಸರಿನ ಗ್ಯಾಲರಿ ಇದೆ. ತಾತಗುಣಿಯಲ್ಲಿ ವಸ್ತುಸಂಗ್ರಹಾಲಯ ಮಾಡುವ ಮಾತು ಸರ್ಕಾರದ ಮಟ್ಟದಲ್ಲಿ ಹಲವು ಬಾರಿ ಬಂದಿದೆ.

ವಸ್ತುಸಂಗ್ರಹಾಲಯಕ್ಕೆ ಕಟ್ಟಡ ಬೇಕು, ಹಣ ಬೇಕು, ವರ್ಷಗಳು ಬೇಕು. ಅದಕ್ಕೂ ಮುಂಚೆ ಮಾಡಬಹುದಾದ ಚಿಕ್ಕ ಕೆಲಸವೊಂದಿದೆ. ರೋರಿಕ್ ನೋಡಿದ ಬೆಳಕು ಪ್ರತಿ ವರ್ಷ ಕಾರ್ತಿಕದಲ್ಲಿ ಅದೇ ಮರಗಳ ಮೇಲೆ, ಅದೇ ಓರೆಯಲ್ಲಿ ಬಂದು ಬೀಳುತ್ತದೆ. ಆ ತಿಂಗಳ ನಾಲ್ಕು ಭಾನುವಾರ, ಬೆಳಗಿನ ಎರಡು ಗಂಟೆಯ ಮಟ್ಟಿಗಾದರೂ, ತಾತಗುಣಿಯ ಗೇಟು ಚಿತ್ರ ಬರೆಯುವ ಮಕ್ಕಳಿಗೆ ತೆರೆಯಲಿ.